ಮಳೆಗೆ ಎದುರಾಗಿ ಬೆಳಕಿನ ಕೊಂಡಿ: ಯಾವ ಆಯ್ಕೆ ನಿಜವಾಗಿ ಲೆಕ್ಕಕ್ಕೆ ಬರುತ್ತದೆ?

ತಂತಿಯಾಗಲಿ ಫೈಬರ್ ಆಗಲಿ ಇಲ್ಲದೆ, ಎರಡು ಕಟ್ಟಡಗಳ ನಡುವೆ ಬಯಲಲ್ಲೇ ಲೇಸರ್ ಕಿರಣ ಹಾಯಿಸಿ ದತ್ತಾಂಶ ಕಳಿಸುವ ವ್ಯವಸ್ಥೆಗೆ ಫ್ರೀ ಸ್ಪೇಸ್ ಆಪ್ಟಿಕ್ಸ್ ಎಂದು ಹೆಸರು. ಇಂಥ ಕೊಂಡಿಯನ್ನು ಹಾಕಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ತರಂಗಾಂತರದ ಉಪಕರಣ ಮಳೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು. ಪ್ರಶ್ನೆ ಸಹಜವಾದದ್ದೇ ಆದರೂ ಅದು ಹುಡುಕುವ ಜಾಗ ಸರಿಯಿಲ್ಲ. ಮಳೆಯ ಮಟ್ಟಿಗೆ ತರಂಗಾಂತರದಿಂದ ಆಗುವ ವ್ಯತ್ಯಾಸ ತೀರಾ ಅಲ್ಪ. ಕೊಂಡಿಯ ಉದ್ದ ಮತ್ತು ಅದರಲ್ಲಿ ಉಳಿಸಿಕೊಂಡ ಮಾರ್ಜಿನ್ (ನಷ್ಟ ತಾಳಿಕೊಳ್ಳಲು ಕೈಯಲ್ಲಿಟ್ಟ ಹೆಚ್ಚುವರಿ ಶಕ್ತಿ) ಬಹುಪಾಲನ್ನು ತೀರ್ಮಾನಿಸುತ್ತವೆ, ಪಕ್ಕದಲ್ಲಿ ಇಟ್ಟುಕೊಳ್ಳುವ ಎರಡನೆಯ ಮಾರ್ಗ ಯಾವುದು ಎಂಬುದು ಮಿಕ್ಕಿದ್ದನ್ನು ತೀರ್ಮಾನಿಸುತ್ತದೆ. ಹೀಗೇಕೆ ಎಂಬುದು ಗೊತ್ತಾಗಬೇಕಾದರೆ ಮೊದಲು ಒಂದು ಹನಿಯನ್ನು ಹತ್ತಿರದಿಂದ ನೋಡಬೇಕಾಗುತ್ತದೆ.

ಹನಿ ಬೆಳಕಿಗೆ ಮಾಡುವುದೇನು

ಮಳೆಹನಿಗಳ ವ್ಯಾಸ ಹೆಚ್ಚುಕಡಿಮೆ ಅರ್ಧ ಮಿಲಿಮೀಟರಿನಿಂದ ಐದಾರು ಮಿಲಿಮೀಟರಿನವರೆಗೆ ಇರುತ್ತದೆ. ಕೊಂಡಿಗಳಲ್ಲಿ ಬಳಕೆಯಲ್ಲಿರುವ ಬೆಳಕಿನ ತರಂಗಾಂತರ 850 ಅಥವಾ 1550 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಅಲೆಗಿಂತ ಹನಿ ಇಷ್ಟು ದೊಡ್ಡದಾಗಿದ್ದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಹನಿಯ ಮೇಲೆ ನೇರವಾಗಿ ಬಿದ್ದ ಬೆಳಕು ಪ್ರತಿಫಲನ ಮತ್ತು ವಕ್ರೀಭವನಗಳಿಂದ ಹತ್ತಾರು ಡಿಗ್ರಿ ಓರೆಯಾಗಿ ಚದುರಿಹೋಗುತ್ತದೆ, ಇಲ್ಲವೇ ನೀರಿನೊಳಗೆ ಹೀರಿಹೋಗುತ್ತದೆ. ಹನಿಯ ಅಂಚನ್ನು ಸವರಿಕೊಂಡು ಹೋಗುವ ಬೆಳಕು ವಿವರ್ತನೆಯಿಂದ ತುಸುವೇ ದಾರಿ ಬದಲಿಸುತ್ತದೆ, ಮತ್ತು ಹೀಗೆ ದಾರಿ ಬದಲಿಸಿದ ಶಕ್ತಿಯ ಮೊತ್ತ ಹನಿಯ ಮೇಲೆ ನೇರವಾಗಿ ಬಿದ್ದಷ್ಟೇ ಇರುತ್ತದೆ. ಆದ್ದರಿಂದ ಒಂದು ಹನಿ ತನ್ನ ಅಡ್ಡಕೊಯ್ತದ ವಿಸ್ತೀರ್ಣದ ಎರಡರಷ್ಟು ಬೆಳಕನ್ನು ನೇರ ಕಿರಣದಿಂದ ತೆಗೆದುಬಿಡುತ್ತದೆ. ಗೋಳಾಕಾರದ ಕಣಗಳ ಚದುರಿಕೆಗೆ ಜರ್ಮನ್ ಭೌತಶಾಸ್ತ್ರಜ್ಞ ಗುಸ್ತಾವ್ ಮೀ 1908ರಲ್ಲಿ ಕೊಟ್ಟ ಸಿದ್ಧಾಂತವೂ ದೊಡ್ಡ ಹನಿಗಳ ಮಿತಿಯಲ್ಲಿ ಬಂದು ನಿಲ್ಲುವುದು ಇದೇ 2ರ ಹತ್ತಿರ. ತನ್ನ ಗಾತ್ರಕ್ಕಿಂತ ದೊಡ್ಡ ನೆರಳು ಬೀಳಿಸುವ ಈ ವಿಚಿತ್ರಕ್ಕೆ ಭೌತಶಾಸ್ತ್ರಜ್ಞರು ವಿರೋಧಾಭಾಸವೆಂದೇ ಹೆಸರಿಟ್ಟಿದ್ದಾರೆ.

ಈ 2 ಎಂಬ ಸಂಖ್ಯೆಯಲ್ಲಿ ತರಂಗಾಂತರದ ಸುಳಿವೇ ಇಲ್ಲ ಎಂಬುದನ್ನು ಗಮನಿಸಬೇಕು. 1550 ನ್ಯಾನೋಮೀಟರಿನ ಬೆಳಕನ್ನು ನೀರು ಬಲವಾಗಿ ಹೀರುತ್ತದೆ, ಒಂದು ಮಿಲಿಮೀಟರ್ ನೀರು ದಾಟುವಷ್ಟರಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದುಹೋಗುತ್ತದೆ. 850ರಲ್ಲಿ ಅಷ್ಟೇ ದಪ್ಪದ ನೀರು ಬಹುತೇಕ ಪಾರದರ್ಶಕ. ಇದನ್ನು ಓದಿದವರು 850ರ ಉಪಕರಣ ಮಳೆಗೆ ಒಳ್ಳೆಯದೆಂಬ ತೀರ್ಮಾನಕ್ಕೆ ಬಂದುಬಿಡುವುದುಂಟು. ಆದರೆ ಹನಿಯೊಳಗೆ ಹೊಕ್ಕ ಬೆಳಕು ಹೀರಿಹೋದರೂ ಒಂದೇ, ಹೊರಬಂದು ಮೂವತ್ತು ಡಿಗ್ರಿ ಓರೆಯಾಗಿ ಆಕಾಶಕ್ಕೋ ನೆಲಕ್ಕೋ ಹೋದರೂ ಒಂದೇ. ರಿಸೀವರಿನ ಲೆಕ್ಕದಲ್ಲಿ ಎರಡೂ ನಷ್ಟವೇ. 10 ಮೈಕ್ರೋಮೀಟರಿನಂಥ ಉದ್ದ ತರಂಗಾಂತರಕ್ಕೆ ಹೋದರೂ ಒಂದು ಮಿಲಿಮೀಟರಿನ ಹನಿ ಇನ್ನೂ ಅಲೆಗಿಂತ ನೂರು ಪಟ್ಟು ದೊಡ್ಡದೇ ಆಗಿರುವುದರಿಂದ ಮಳೆಯಲ್ಲಿ ಏನೂ ಗಿಟ್ಟುವುದಿಲ್ಲ.

ಅಂಚನ್ನು ಸವರಿ ಚದುರಿದ ಅರ್ಧ ಭಾಗದ ಕತೆ ಬೇರೆ. ಒಂದು ಮಿಲಿಮೀಟರಿನ ಹನಿಯಿಂದ 1550ರ ಬೆಳಕು ವಿವರ್ತನೆಗೊಂಡು ತಿರುಗುವ ಕೋನ ಒಂದೆರಡು ಮಿಲಿರೇಡಿಯನ್ ಮಾತ್ರ, ಅಂದರೆ ಒಂದು ಕಿಲೋಮೀಟರಿನಾಚೆ ಒಂದೆರಡು ಮೀಟರ್ ಸರಿಯುವಷ್ಟು. ಕಿರಣವೇ ಎರಡು ಮಿಲಿರೇಡಿಯನ್ ಹರಡಿಕೊಂಡು ಸಾಗುತ್ತಿರುವಾಗ ಇಷ್ಟು ಸಣ್ಣ ಓರೆಯ ಬೆಳಕಿನಲ್ಲಿ ಒಂದು ಪಾಲು ಮತ್ತೆ ರಿಸೀವರಿನ ಮಸೂರಕ್ಕೇ ಬಂದು ಬೀಳುತ್ತದೆ. ಎಷ್ಟು ಪಾಲು ಎಂಬುದು ಮಸೂರದ ಅಗಲವನ್ನೂ ರಿಸೀವರಿನ ನೋಟದ ಕೋನವನ್ನೂ ಅವಲಂಬಿಸಿರುವುದರಿಂದ, ಒಂದೇ ಮಳೆಯಲ್ಲಿ ಎರಡು ಬೇರೆ ಬೇರೆ ವಿನ್ಯಾಸದ ಉಪಕರಣಗಳು ಬೇರೆ ಬೇರೆ ನಷ್ಟ ತೋರಿಸಿದರೆ ಆಶ್ಚರ್ಯವಿಲ್ಲ. ಈ ಬೆಳಕು ತಡವಾಗಿ ಬಂದು ಸಂಕೇತವನ್ನು ಕಲಸಿಬಿಡುತ್ತದೆಯೇ ಎಂಬ ಭಯ ಮಾತ್ರ ಬೇಕಿಲ್ಲ. ಒಂದು ಕಿಲೋಮೀಟರಿನ ಹಾದಿಯಲ್ಲಿ ಎರಡು ಮಿಲಿರೇಡಿಯನ್ ಓರೆಯಿಂದ ಹೆಚ್ಚುವ ದೂರ ಒಂದೆರಡು ಮಿಲಿಮೀಟರ್, ಅಂದರೆ ಕೆಲವು ಪಿಕೋಸೆಕೆಂಡ್. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅವಧಿಯೇ 100 ಪಿಕೋಸೆಕೆಂಡ್ ಇರುತ್ತದೆ.

ಯಾವ ಸೂತ್ರವನ್ನು ನಂಬಬೇಕು

ಮಳೆಯ ತೀವ್ರತೆಯಿಂದ ಬೆಳಕಿನ ಕ್ಷೀಣತೆಯನ್ನು ಅಂದಾಜಿಸಲು ಐಟಿಯು-ಆರ್‌ನ (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ವಿಭಾಗದ) ಪಿ.1814 ಶಿಫಾರಸು ಎರಡು ಜೋಡಿ ಸಂಖ್ಯೆಗಳನ್ನು ಕೊಡುತ್ತದೆ. ಫ್ರಾನ್ಸಿನ ಅಳತೆಗಳಿಗೆ ಹೊಂದುವ ಜೋಡಿಯಲ್ಲಿ, ಗಂಟೆಗೆ ಇಷ್ಟು ಮಿಲಿಮೀಟರ್ ಎಂದು ಅಳೆದ ತೀವ್ರತೆಯನ್ನು 0.67ರ ಘಾತಕ್ಕೇರಿಸಿ 1.076ರಿಂದ ಗುಣಿಸಿದರೆ ಪ್ರತಿ ಕಿಲೋಮೀಟರಿನ ಡೆಸಿಬೆಲ್ ನಷ್ಟ ಸಿಗುತ್ತದೆ. 10 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಹತ್ತರಲ್ಲೊಂದು ಪಾಲಿಗೆ, 20 ಎಂದರೆ ನೂರರಲ್ಲೊಂದು ಪಾಲಿಗೆ ಇಳಿದಂತೆ. ಜಪಾನಿನ ಜೋಡಿಯಲ್ಲಿ ಘಾತ 0.63, ಗುಣಕ 1.58. ಗಂಟೆಗೆ 25 ಮಿಲಿಮೀಟರಿನ ಮಳೆಗೆ ಮೊದಲನೆಯದು ಸುಮಾರು 9.3 ಡೆಸಿಬೆಲ್ ಎಂದರೆ ಎರಡನೆಯದು 12 ಎನ್ನುತ್ತದೆ. 100 ಮಿಲಿಮೀಟರಿನ ಬಿರುಮಳೆಗೆ ಕ್ರಮವಾಗಿ 23.5 ಮತ್ತು ಸುಮಾರು 29.

ಇಲ್ಲೊಂದು ಸ್ವಾರಸ್ಯವಿದೆ. ಹವಾಮಾನ ವಿಜ್ಞಾನಿಗಳಾದ ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಕೊಟ್ಟ ಹನಿಗಾತ್ರದ ಹಂಚಿಕೆಯನ್ನು ತೆಗೆದುಕೊಂಡು, ಪ್ರತಿ ಹನಿಯೂ ತನ್ನ ಅಡ್ಡಕೊಯ್ತದ ಎರಡರಷ್ಟು ಬೆಳಕು ಕಳೆಯುತ್ತದೆ ಎಂದಿಟ್ಟು ಕಾಗದದ ಮೇಲೆ ಕೂಡಿದರೆ ಬರುವ ಗುಣಕ 1.58, ಘಾತ 0.63. ಬೆರಳೆಣಿಕೆಯ ಸಾಲುಗಳಲ್ಲಿ ಮುಗಿಯುವ ಲೆಕ್ಕ ಅದು, ಮಾಡಿ ನೋಡಬಹುದು. ಅಂದರೆ ದೊಡ್ಡ ಸಂಖ್ಯೆ ಕೊಡುವ ಸೂತ್ರದಲ್ಲಿ ವಿವರ್ತನೆಗೊಂಡ ಬೆಳಕೂ ಪೂರ್ತಿ ನಷ್ಟವೆಂದೇ ಎಣಿಸಿದಂತಾಗುತ್ತದೆ. ವಿನ್ಯಾಸಕ್ಕೆ ನಾನು ಬಳಸುವುದು ಅದನ್ನೇ. ತಪ್ಪಿದರೂ ಸುರಕ್ಷಿತ ಬದಿಗೆ ತಪ್ಪಲಿ ಎಂಬ ಕಾರಣಕ್ಕೆ.

ಆದರೆ ಎರಡೂ ಸೂತ್ರಗಳು ಮಳೆಯ ತೀವ್ರತೆಯೊಂದನ್ನೇ ನೋಡುತ್ತವೆ, ಹನಿಯ ಗಾತ್ರವನ್ನು ನೋಡುವುದಿಲ್ಲ. ಎರಡು ಮಿಲಿಮೀಟರ್ ವ್ಯಾಸದ ಒಂದು ಹನಿಯನ್ನು ಒಡೆದರೆ ಒಂದು ಮಿಲಿಮೀಟರಿನ ಎಂಟು ಹನಿಗಳಾಗುತ್ತವೆ. ನೀರು ಅಷ್ಟೇ ಇದ್ದರೂ ಎಂಟರ ಅಡ್ಡಕೊಯ್ತದ ಮೊತ್ತ ಮೊದಲಿನ ಎರಡರಷ್ಟಾಗುತ್ತದೆ. ಸಾಲದೆಂಬಂತೆ, ದೊಡ್ಡ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬಿದ್ದರೆ ಸಣ್ಣದು 4 ಮೀಟರ್ ವೇಗದಲ್ಲಿ ಬೀಳುತ್ತದೆ, ಆದ್ದರಿಂದ ಅದು ಕಿರಣದ ಹಾದಿಯಲ್ಲಿ ಅಷ್ಟು ಹೆಚ್ಚು ಹೊತ್ತು ಉಳಿಯುತ್ತದೆ. ಎರಡನ್ನೂ ಸೇರಿಸಿದರೆ, ಮಳೆಮಾಪಕದಲ್ಲಿ ಒಂದೇ ಅಳತೆ ತೋರಿಸುವ ಎರಡು ಮಳೆಗಳಲ್ಲಿ ಸಣ್ಣ ಹನಿಯದು ಬೆಳಕನ್ನು ಮೂರು ಪಟ್ಟಿಗೂ ಹೆಚ್ಚು ಕುಂದಿಸುತ್ತದೆ. ದಪ್ಪ ಹನಿಯ ಗುಡುಗುಮಳೆಗಿಂತ ಅದೇ ತೀವ್ರತೆಯ ಜಿನುಗುಮಳೆ ಬೆಳಕಿನ ಕೊಂಡಿಗೆ ಹೆಚ್ಚು ತೊಂದರೆ ಕೊಡುವುದು ಇದರಿಂದಲೇ.

ಮಳೆಯ ಅಂಕಿಅಂಶಗಳನ್ನು ಎಲ್ಲಿಂದ ತಂದರು ಎಂಬುದನ್ನೂ ವಿಚಾರಿಸಬೇಕು. ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಬಿತ್ತು ಎಂದು ದಾಖಲೆಯಲ್ಲಿದ್ದರೆ, ಅದರಲ್ಲಿ 20 ಮಿಲಿಮೀಟರ್ ಹತ್ತೇ ನಿಮಿಷದಲ್ಲಿ ಸುರಿದಿರಬಹುದು. ಆ ಹತ್ತು ನಿಮಿಷ ಕೊಂಡಿಯ ಮೇಲಿದ್ದದ್ದು ಗಂಟೆಗೆ 120 ಮಿಲಿಮೀಟರಿನ ಮಳೆ. ಆದ್ದರಿಂದ ಒಂದೊಂದು ನಿಮಿಷದ ಸರಾಸರಿಯಿರುವ ದಾಖಲೆಯೇ ಬೇಕು, ಅಥವಾ ವರ್ಷದ 0.01 ಶೇಕಡ ಹೊತ್ತು ಮೀರುವ ತೀವ್ರತೆಯನ್ನು ಅಂದಾಜಿಸಲು ಐಟಿಯು-ಆರ್‌ನ ಪಿ.837 ಶಿಫಾರಸನ್ನು ನೋಡಬೇಕು. 0.01 ಶೇಕಡ ಎಂದರೆ ವರ್ಷಕ್ಕೆ 53 ನಿಮಿಷ. ಮಾರಾಟದ ಹಾಳೆಯಲ್ಲಿ 99.9 ಶೇಕಡ ಲಭ್ಯತೆ ಎಂದು ಬರೆದಿದ್ದರೆ ಅದು ವರ್ಷಕ್ಕೆ ಎಂಟು ಮುಕ್ಕಾಲು ಗಂಟೆಯ ನಿಲುಗಡೆಯನ್ನು ಒಪ್ಪಿಕೊಂಡ ಮಾತು.

ಉದ್ದವೋ, ಶಕ್ತಿಯೋ

ಒಂದು ಸಾಧಾರಣ ಕೊಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಟ್ರಾನ್ಸ್‌ಮಿಟರಿನ ಶಕ್ತಿ 10 ಮಿಲಿವ್ಯಾಟ್. ರಿಸೀವರಿಗೆ ಬೇಕಾದ ಕನಿಷ್ಠ ಶಕ್ತಿ ಒಂದು ಮೈಕ್ರೋವ್ಯಾಟ್. ಇವೆರಡರ ನಡುವಿನ ಅಂತರ 40 ಡೆಸಿಬೆಲ್. ಕಿರಣದ ಹರಡಿಕೆ ಎರಡು ಮಿಲಿರೇಡಿಯನ್ ಆಗಿದ್ದರೆ ಒಂದು ಕಿಲೋಮೀಟರಿನಾಚೆ ಅದು ಎರಡು ಮೀಟರ್ ಅಗಲವಾಗಿರುತ್ತದೆ, ಅದರಲ್ಲಿ 20 ಸೆಂಟಿಮೀಟರಿನ ಮಸೂರಕ್ಕೆ ಸಿಗುವುದು ನೂರರಲ್ಲೊಂದು ಪಾಲು, ಎಂದರೆ 20 ಡೆಸಿಬೆಲ್ ನಷ್ಟ. ಮಸೂರ, ಗಾಜು, ಗುರಿಯ ಸಣ್ಣ ತಪ್ಪುಗಳಿಗೆ 4 ಡೆಸಿಬೆಲ್ ಬಿಟ್ಟರೆ ಮಳೆಗಾಗಿ ಉಳಿಯುವ ಮಾರ್ಜಿನ್ 16 ಡೆಸಿಬೆಲ್. ಗಂಟೆಗೆ 25 ಮಿಲಿಮೀಟರಿನ ಮಳೆಯನ್ನು ಇದು ದಾಟುತ್ತದೆ. 50 ಮಿಲಿಮೀಟರಿನ ಮಳೆಯಲ್ಲಿ, ಎರಡು ಸೂತ್ರಗಳ ಪ್ರಕಾರ 15ರಿಂದ 18.6 ಡೆಸಿಬೆಲ್ ನಷ್ಟವಾಗುವಾಗ, ಅಂಚಿನಲ್ಲಿ ತೂಗಾಡುತ್ತದೆ; 100ರಲ್ಲಿ ಬೀಳುತ್ತದೆ.

ಇದೇ ಉಪಕರಣವನ್ನು 500 ಮೀಟರಿಗೆ ತಂದರೆ ಹರಡಿಕೆಯ ನಷ್ಟ 6 ಡೆಸಿಬೆಲ್ ತಗ್ಗಿ ಮಾರ್ಜಿನ್ 22ಕ್ಕೇರುತ್ತದೆ, ಜೊತೆಗೆ ಮಳೆಯ ಹಾದಿಯೂ ಅರ್ಧಕ್ಕಿಳಿಯುತ್ತದೆ. 100 ಮಿಲಿಮೀಟರಿನ ಬಿರುಮಳೆಯೂ ಈಗ ಕಳೆಯುವುದು 12ರಿಂದ 14.5 ಡೆಸಿಬೆಲ್ ಮಾತ್ರ, ಇನ್ನೂ ಏಳೆಂಟು ಡೆಸಿಬೆಲ್ ಕೈಯಲ್ಲಿರುತ್ತದೆ. ಅದೇ ಎರಡು ಕಿಲೋಮೀಟರಿಗೆ ಒಯ್ದರೆ ಮಾರ್ಜಿನ್ 10ಕ್ಕಿಳಿದು, ಗಂಟೆಗೆ 10 ಮಿಲಿಮೀಟರಿನ ಸಾಮಾನ್ಯ ಮಳೆಯೇ ಕೊಂಡಿಯನ್ನು ಕಡಿದುಹಾಕುತ್ತದೆ. ಅಷ್ಟು ಉದ್ದದ ಹಾದಿಯಲ್ಲಿ ಬಿರುಮಳೆ ಎಲ್ಲೆಡೆ ಒಂದೇ ಸಮನೆ ಸುರಿಯುವುದಿಲ್ಲ ಎಂಬ ರಿಯಾಯಿತಿ ಸ್ವಲ್ಪ ಸಿಗಬಹುದು, ಆದರೆ ಒಂದು ಕಿಲೋಮೀಟರಿನೊಳಗಿನ ಕೊಂಡಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಈಗ ಶಕ್ತಿ ಹೆಚ್ಚಿಸುವ ಆಯ್ಕೆಯನ್ನು ಇದರ ಪಕ್ಕಕ್ಕಿಡಬಹುದು. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್, ಅಂದರೆ ಬಿರುಮಳೆಯಲ್ಲಿ ನೂರು, ನೂರಿಪ್ಪತ್ತು ಮೀಟರಿನ ಹಾದಿಗೆ ಸಾಲುವಷ್ಟು. ಹರಡಿಕೆಯನ್ನು ಒಂದು ಮಿಲಿರೇಡಿಯನ್‌ಗೆ ಬಿಗಿಗೊಳಿಸಿದರೆ 6 ಡೆಸಿಬೆಲ್ ಬರುತ್ತದೆ, ಆದರೆ ಬಿಸಿಲಿಗೆ ಹಿಗ್ಗಿ ಗಾಳಿಗೆ ಅಲುಗುವ ಕಂಬದ ಮೇಲೆ ಅಷ್ಟು ಸಣ್ಣ ಕಿರಣವನ್ನು ಗುರಿ ತಪ್ಪದಂತೆ ಹಿಡಿಯಲು ತಾನಾಗಿ ಗುರಿ ಸರಿಪಡಿಸಿಕೊಳ್ಳುವ ವ್ಯವಸ್ಥೆ ಬೇಕಾಗುತ್ತದೆ. ನಡುವೆ ಒಂದು ಮರುಪ್ರಸಾರ ಕೇಂದ್ರವಿಟ್ಟು ಒಂದು ಕಿಲೋಮೀಟರನ್ನು ಎರಡು ತುಂಡು ಮಾಡುವ ಅವಕಾಶವಿದ್ದರೆ ಇವೆರಡಕ್ಕಿಂತಲೂ ಅದೇ ಮೇಲು ಎಂದು ನನ್ನ ಎಣಿಕೆ. ಇನ್ನೊಂದು ಪೆಟ್ಟಿಗೆ, ಇನ್ನೊಂದು ವಿದ್ಯುತ್ ಸಂಪರ್ಕ, ಕೆಡಬಹುದಾದ ಇನ್ನೊಂದು ಜಾಗ ಸೇರಿಕೊಳ್ಳುವುದು ನಿಜ, ಆದರೂ ಮಳೆಗೆ ಅಷ್ಟು ನೆಟ್ಟಗೆ ಉತ್ತರ ಕೊಡುವ ಬೇರೆ ಉಪಾಯವಿಲ್ಲ.

850ರ ಉಪಕರಣಕ್ಕಿಂತ 1550ರದ್ದು ಮೇಲು ಎಂಬ ಮಾತಿಗೆ ಅರ್ಥ ಬರುವುದು ಈ ಸಂದರ್ಭದಲ್ಲಿ. 1550ರ ಬೆಳಕು ಕಣ್ಣಿನ ಮುಂಭಾಗದಲ್ಲೇ ಹೀರಿಹೋಗಿ ರೆಟಿನಾ ತಲುಪದಿರುವುದರಿಂದ, ಕಣ್ಣಿನ ಸುರಕ್ಷತೆಯ ನಿಯಮಗಳು ಅಲ್ಲಿ 850ಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿಗೆ ಅವಕಾಶ ಕೊಡುತ್ತವೆ. ಆ 10 ಡೆಸಿಬೆಲ್ ಮಳೆಯಲ್ಲಿ ಉಪಯೋಗಕ್ಕೆ ಬರುತ್ತದೆ. 1550ನ್ನು ಆರಿಸುವುದಾದರೆ ಈ ಕಾರಣಕ್ಕಾಗಿ, ಜೊತೆಗೆ ಫೈಬರ್ ಜಗತ್ತಿನ ಆಂಪ್ಲಿಫೈಯರುಗಳು ಅಲ್ಲಿ ಸಿಗುತ್ತವೆಂಬ ಕಾರಣಕ್ಕಾಗಿ ಆರಿಸಬೇಕು. ಮುನ್ನೂರು ಮೀಟರಿನ ಕೊಂಡಿಗೆ ಇದಾವುದೂ ಬೇಕಾಗುವುದಿಲ್ಲ. ಅಗ್ಗದ ಸಿಲಿಕಾನ್ ರಿಸೀವರಿನ 850ರ ಉಪಕರಣ ಅಲ್ಲಿಗೆ ಸಾಕು.

ಬೆಳಕೋ, ರೇಡಿಯೋ

ಬೆಳಕಿನ ಕೊಂಡಿಗೆ ನೇರ ಪ್ರತಿಸ್ಪರ್ಧಿ 70 ಮತ್ತು 80 ಗಿಗಾಹರ್ಟ್ಸ್‌ನ ಇ-ಬ್ಯಾಂಡ್ ರೇಡಿಯೋ. ವೇಗದಲ್ಲಿ ಎರಡೂ ಗಿಗಾಬಿಟ್ ವರ್ಗದವು, ಎರಡಕ್ಕೂ ಅಡೆತಡೆಯಿಲ್ಲದ ನೇರ ನೋಟ ಬೇಕು. ಮಳೆಯಲ್ಲಿ ಬೆಳಕಿಗಿಂತ ರೇಡಿಯೋ ಗಟ್ಟಿ ಎಂಬ ನಂಬಿಕೆ ಈ ಆವರ್ತನಕ್ಕೆ ಅನ್ವಯಿಸುವುದಿಲ್ಲ. ನಾಲ್ಕು ಮಿಲಿಮೀಟರಿನ ಅಲೆ ಮಳೆಹನಿಯ ಗಾತ್ರಕ್ಕೆ ಸಮೀಪವಾಗಿರುವುದರಿಂದ ಇ-ಬ್ಯಾಂಡಿನಲ್ಲಿ ಗಂಟೆಗೆ 25 ಮಿಲಿಮೀಟರಿನ ಮಳೆ ಪ್ರತಿ ಕಿಲೋಮೀಟರಿಗೆ ಹತ್ತು ಡೆಸಿಬೆಲ್‌ನ ಆಸುಪಾಸಿನಲ್ಲೂ, 100 ಮಿಲಿಮೀಟರಿನದು ಮೂವತ್ತರ ಆಸುಪಾಸಿನಲ್ಲೂ ಕುಂದಿಸುತ್ತದೆ. ಬೆಳಕಿನ ಸಂಖ್ಯೆಗಳ ಪಕ್ಕದಲ್ಲಿಟ್ಟರೆ ಎರಡಕ್ಕೂ ಹೆಚ್ಚು ಅಂತರವಿಲ್ಲ. ಸಣ್ಣ ಹನಿಯ ಜಿನುಗಿನಲ್ಲಿ ಮಾತ್ರ ರೇಡಿಯೋ ಸ್ಪಷ್ಟವಾಗಿ ಮೇಲುಗೈ ಪಡೆಯುತ್ತದೆ. 60 ಗಿಗಾಹರ್ಟ್ಸ್‌ನಲ್ಲಿ ಮಳೆ ಹೆಚ್ಚುಕಡಿಮೆ ಅಷ್ಟೇ ಕಾಡುತ್ತದೆ, ಅದಲ್ಲದೆ ಒಣ ಹವೆಯಲ್ಲೂ ಆಮ್ಲಜನಕ ಪ್ರತಿ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್ ಹೀರುತ್ತದೆ.

ಹಾಗಾದರೆ ಇವೆರಡರ ನಡುವೆ ಆರಿಸುವುದು ಯಾವ ಆಧಾರದ ಮೇಲೆ? ಮಂಜಿನ ಆಧಾರದ ಮೇಲೆ. ಮಂಜಿನ ಕಣಗಳು ಮೈಕ್ರೋಮೀಟರುಗಳಲ್ಲಿ ಅಳೆಯುವಷ್ಟು ಸಣ್ಣವು, ಲೆಕ್ಕವಿಲ್ಲದಷ್ಟು ದಟ್ಟವಾಗಿರುವಂಥವು. 50 ಮೀಟರಿನಾಚೆ ಏನೂ ಕಾಣದಂಥ ಮಂಜು ಬೆಳಕನ್ನು ಪ್ರತಿ ಕಿಲೋಮೀಟರಿಗೆ 300 ಡೆಸಿಬೆಲ್‌ಗಿಂತ ಹೆಚ್ಚು ಕುಂದಿಸುತ್ತದೆ, ಅದರ ಮುಂದೆ ಯಾವ ಮಾರ್ಜಿನ್ನೂ ನಿಲ್ಲದು. ಇ-ಬ್ಯಾಂಡಿಗೆ ಅದೇ ಮಂಜು ಕೆಲವೇ ಡೆಸಿಬೆಲ್. ಮಳೆ ಜಾಸ್ತಿಯಿದ್ದು ಮಂಜು ಅಪರೂಪವಾದ ಕಡೆ, ಪರವಾನಗಿಯ ತಂಟೆಯೂ ಬೇರೆ ರೇಡಿಯೋಗಳ ಅಡಚಣೆಯೂ ಬೇಡವೆನ್ನುವವರು ಬೆಳಕನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಇನ್ನೊಂದು ವ್ಯತ್ಯಾಸ ನಡವಳಿಕೆಯದು. ಮಳೆ ಜೋರಾದಂತೆ ಇ-ಬ್ಯಾಂಡ್ ರೇಡಿಯೋ ಮಾಡ್ಯುಲೇಷನ್ (ಅಲೆಯ ಮೇಲೆ ದತ್ತಾಂಶ ಹೇರುವ ವಿಧಾನ) ಬದಲಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ವೇಗ ತಗ್ಗಿಸುತ್ತದೆ. ಬೆಳಕನ್ನು ಹಚ್ಚಿ ಆರಿಸಿ ಬಿಟ್ ಕಳಿಸುವ ಸರಳ ಉಪಕರಣ ಪೂರ್ತಿ ವೇಗದಲ್ಲೇ ಓಡುತ್ತಿದ್ದು ಒಮ್ಮೆಲೇ ನಿಂತುಬಿಡುತ್ತದೆ.

ಎರಡನ್ನೂ ಜೋಡಿಸಿ ಮಾರುವ ಮಿಶ್ರ ಕೊಂಡಿಗಳ ವಿಷಯದಲ್ಲಿ ನನಗೆ ತಕರಾರಿದೆ. ಬೆಳಕು ಮಂಜಿಗೆ ಸೋಲುತ್ತದೆ, ರೇಡಿಯೋ ಮಳೆಗೆ ಸೋಲುತ್ತದೆ, ಆದ್ದರಿಂದ ಒಂದಕ್ಕೊಂದು ಪೂರಕ ಎಂದು ಹೇಳಲಾಗುತ್ತದೆ. ಇದರಲ್ಲಿ ಮಂಜಿನ ಮಾತು ನಿಜ. ಆದರೆ ಬಿರುಮಳೆಯಲ್ಲಿ ಬೆಳಕೂ ಇ-ಬ್ಯಾಂಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಂದುವುದರಿಂದ, ಎರಡರ ಮಾರ್ಜಿನ್ ಸಮೀಪವಾಗಿದ್ದರೆ ಅವು ಒಟ್ಟಿಗೇ ಬೀಳುತ್ತವೆ. ಮಳೆಗೇ ಹೆದರಿ ಎರಡನೆಯ ಮಾರ್ಗ ಇಡುವವರು ಕೆಳಗಿನ ಆವರ್ತನಕ್ಕೆ ಇಳಿಯಬೇಕು. 6 ಗಿಗಾಹರ್ಟ್ಸ್‌ನಲ್ಲಿ 100 ಮಿಲಿಮೀಟರಿನ ಮಳೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಡೆಸಿಬೆಲ್ ಮಾತ್ರ ಕಳೆಯುತ್ತದೆ. ವೇಗ ಕೆಲವು ನೂರು ಮೆಗಾಬಿಟ್ಟಿಗೆ ಇಳಿಯುತ್ತದೆ, ಆದರೆ ಧ್ವನಿ, ನಿಯಂತ್ರಣ, ತುರ್ತು ದತ್ತಾಂಶಗಳಂಥ ನಿಲ್ಲಲೇಬಾರದ ಸಂಚಾರ ಅದರಲ್ಲಿ ದಾಟಿಹೋಗುತ್ತದೆ. ನೆಲ ಅಗೆಯುವ ಅನುಮತಿಯೂ ಸಮಯವೂ ಇರುವವರಿಗೆ ಫೈಬರ್ ಇದ್ದೇ ಇದೆ. ಮಳೆಯ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಎರಡು ಮಾರ್ಗಗಳ ನಡುವೆ ಬದಲಾಯಿಸುವ ಮಿತಿಗಳನ್ನು ಬೇರೆ ಬೇರೆ ಇಡುವುದನ್ನು ಮರೆಯಬಾರದು. ಮಾರ್ಜಿನ್ 3 ಡೆಸಿಬೆಲ್‌ಗೆ ಇಳಿದಾಗ ಬೆಳಕನ್ನು ಬಿಟ್ಟರೆ, 6ಕ್ಕೋ 7ಕ್ಕೋ ಏರಿ ಒಂದೆರಡು ನಿಮಿಷ ಅಲ್ಲೇ ನಿಂತ ಮೇಲೆ ಮಾತ್ರ ಅದಕ್ಕೆ ಮರಳಬೇಕು. ಇಲ್ಲದಿದ್ದರೆ ಜೋರಾಗಿ ತಗ್ಗಿ ಮತ್ತೆ ಜೋರಾಗುವ ಮಳೆಯಲ್ಲಿ ಕೊಂಡಿ ಅತ್ತಿಂದಿತ್ತ ಹಾರಾಡುತ್ತಲೇ ಇರುತ್ತದೆ.

ಮಸೂರ, ಗಾಜು

ಟ್ರಾನ್ಸ್‌ಮಿಟರಿನ ತೆರಪು, ಅಂದರೆ ಬೆಳಕು ಹೊರಡುವ ಬಾಯಿಯ ಅಗಲ, ಎರಡು ಸೆಂಟಿಮೀಟರ್ ಇದ್ದರೆ, ಅದರ ಮುಂದೆ ಹಾದುಹೋಗುವ ಐದು ಮಿಲಿಮೀಟರಿನ ಒಂದೇ ಹನಿ ಕ್ಷಣಕಾಲ ಹದಿನಾರರಲ್ಲೊಂದು ಪಾಲು ಬೆಳಕನ್ನು ಮುಚ್ಚುತ್ತದೆ. ಅದೇ ಹನಿ 20 ಸೆಂಟಿಮೀಟರಿನ ತೆರಪಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ತೆರಪಿನ, ಅಥವಾ ಒಂದಕ್ಕಿಂತ ಹೆಚ್ಚು ಕಿರಣ ಕಳಿಸುವ ಉಪಕರಣವನ್ನು ಆರಿಸಲು ಇದೊಂದು ಸಣ್ಣ ಕಾರಣ.

ದೊಡ್ಡ ಕಾರಣ ಮುಂದಿನ ಗಾಜಿನಲ್ಲಿದೆ. ನಾನು ನೋಡಿದ ಒಂದು ಕೊಂಡಿ ನಾನೂರು ಮೀಟರಿನದು, ಲೆಕ್ಕದ ಪ್ರಕಾರ ಯಾವ ಮಳೆಗೂ ಜಗ್ಗಬಾರದಾಗಿತ್ತು. ಆದರೂ ಗಾಳಿ ಒಂದು ದಿಕ್ಕಿನಿಂದ ಬೀಸಿದಾಗ ಸಣ್ಣ ಮಳೆಗೇ ಬೀಳುತ್ತಿತ್ತು, ಮಳೆ ನಿಂತು ಕಾಲು ಗಂಟೆಯಾದರೂ ಏಳುತ್ತಿರಲಿಲ್ಲ. ಏಣಿ ಹತ್ತಿ ನೋಡಿದರೆ ಗಾಜಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಹನಿಗಳು ಅಂಟಿಕೊಂಡಿದ್ದವು. ಅಂಥ ಪ್ರತಿಯೊಂದು ಹನಿಯೂ ಒಂದು ಗಿಡ್ಡ ಮಸೂರ. ಎರಡು ಮಿಲಿರೇಡಿಯನ್ ಬಿಗಿಯಲ್ಲಿ ಹೊರಡಬೇಕಾದ ಬೆಳಕನ್ನು ಅದು ನೂರಾರು ಮಿಲಿರೇಡಿಯನ್ ಓರೆಗೆ ಎರಚಿಬಿಡುತ್ತದೆ. ಆ ನಷ್ಟ ಯಾವ ಪ್ರತಿ ಕಿಲೋಮೀಟರಿನ ಸೂತ್ರದಲ್ಲೂ ಇರುವುದಿಲ್ಲ, ಕೊಂಡಿಯನ್ನು ಎಷ್ಟು ಗಿಡ್ಡ ಮಾಡಿದರೂ ಕಡಿಮೆಯಾಗುವುದಿಲ್ಲ. ಉದ್ದನೆಯ ಮುಂಚಾಚು, ಕೆಳಮುಖವಾಗಿ ತುಸು ಓರೆಯಾದ ಗಾಜು, ಗಾಜನ್ನು ಬೆಚ್ಚಗಿಡುವ ಹೀಟರ್, ಇವು ಮೂರೂ ಇರುವ ಉಪಕರಣಕ್ಕೆ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ. ನೀರು ಅಂಟದಂತೆ ಹಚ್ಚುವ ಲೇಪ ಕೆಲಸ ಮಾಡುತ್ತದಾದರೂ ಬಿಸಿಲಿಗೂ ಧೂಳಿಗೂ ಸವೆಯುವುದರಿಂದ ಆಗಾಗ ಹೊಸದಾಗಿ ಹಚ್ಚಬೇಕಾಗುತ್ತದೆ.

ಹಾಕಿಸಿದ ಮೇಲೆ ಒಂದು ಮಳೆಗಾಲವಾದರೂ, ರಿಸೀವರಿಗೆ ಬರುವ ಶಕ್ತಿಯನ್ನೂ ಪಕ್ಕದಲ್ಲೇ ಇಟ್ಟ ಮಳೆಮಾಪಕದ ಒಂದೊಂದು ನಿಮಿಷದ ಅಳತೆಯನ್ನೂ ಒಟ್ಟಿಗೆ ದಾಖಲಿಸುವುದು ಒಳ್ಳೆಯದು. ಎರಡು ಗೆರೆಗಳನ್ನು ಒಂದರ ಮೇಲೊಂದಿಟ್ಟಾಗ ಮಳೆ ಏರಿದ ನಿಮಿಷದಲ್ಲೇ ಸಂಕೇತ ಇಳಿದು, ಮಳೆ ಇಳಿದ ನಿಮಿಷದಲ್ಲೇ ಏರಿದರೆ ನಷ್ಟ ಹಾದಿಯದು, ಉದ್ದವನ್ನೋ ಮಾರ್ಜಿನ್ನನ್ನೋ ಮರುಪರಿಶೀಲಿಸಬೇಕು. ಮಳೆಯ ಗೆರೆ ಸೊನ್ನೆಗಿಳಿದ ಮೇಲೂ ಸಂಕೇತ ಕೆಳಗೇ ತೆವಳುತ್ತಿದ್ದರೆ ಏಣಿ ಹತ್ತಿ ಗಾಜು ಒರೆಸಬೇಕು.